ಹಳದಿ ಗುರುತಿನ ಕೊಳವೆ

ಪ್ರಶ್ನೆ: ಹಳೆಯ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಕಾರಿನ ಶಕ್ತಿಯನ್ನು ಮನೆಯಲ್ಲೇ, ಬಿಡಿಗಾಸಿನ ಖರ್ಚಿಲ್ಲದೆ ಹೆಚ್ಚಿಸಬಹುದಂತೆ. ಹೌದೇ?

ಉತ್ತರ: ಹೌದು, ಕೆಲವೇ ನಿಮಿಷದ ಕೆಲಸ. ಪೇಚಿರುವುದೂ ಅಲ್ಲೇ. 1989ರಲ್ಲಿ ಜಪಾನಿನಲ್ಲಿ ಬಂದ ಆರ್32 ಮಾದರಿಯಲ್ಲಿ 2.6 ಲೀಟರಿನ ಆರು ಸಿಲಿಂಡರ್ ಎಂಜಿನ್, ಎರಡು ಟರ್ಬೊ. ಬೂಸ್ಟ್, ಅಂದರೆ ಟರ್ಬೊ ಒತ್ತಡ, ನಿಯಂತ್ರಿಸುವ ರಬ್ಬರ್ ಕೊಳವೆಯೊಳಗೆ ಸಣ್ಣ ತೂತಿನ ಬಿರಡೆಯೊಂದನ್ನು ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಹೊರಗೆ ಹಳದಿ ಗುರುತು. ಬಿರಡೆ ಕಿತ್ತರೆ ಒತ್ತಡ ಸುಮಾರು 0.7 ಬಾರ್‌ನಿಂದ 1 ಬಾರ್‌ನತ್ತ ಏರುತ್ತದೆ. ಕಾರು ಬೇರೆಯದೇ ಅನ್ನಿಸುತ್ತದೆ, ಆಸೆಯೂ ಬೆಳೆಯುತ್ತದೆ!

ಆದರೆ ಟರ್ಬೊ ಒಳಗಿನ ಟರ್ಬೈನ್ ಚಕ್ರ ಸೆರಾಮಿಕ್‌ನದು, ಪಿಂಗಾಣಿಯ ನೆಂಟ. ಹಗುರ, ಬೇಗ ವೇಗ ಹಿಡಿಯುತ್ತದೆ. ಒತ್ತಡ ಇನ್ನೂ ಏರಿಸಿದಿರೋ, ಚೂರುಚೂರು. ಚೂರು ಎಂಜಿನ್ನಿಗೇ ಮರಳಿದರೆ ಖರ್ಚು ಕೇಳಲೇಬೇಡಿ. ನನ್ನ ಮಟ್ಟಿಗೆ ಮೊದಲು ಉಕ್ಕಿನ ಚಕ್ರದ ಟರ್ಬೊ, ಆಮೇಲೆ ಬೂಸ್ಟ್.

ಅಲ್ಲಿಯವರೆಗೆ ಆಯಿಲ್ ಹೊತ್ತಿಗೆ ಸರಿಯಾಗಿ ಬದಲಿಸಿ, ಬಿರುಕುಬಿಟ್ಟ ರಬ್ಬರ್ ಕೊಳವೆಗಳನ್ನು ನೋಡಿಕೊಳ್ಳಿ. ಜೋರಾಗಿ ಓಡಿಸಿ ಬಂದಾಗ ಒಂದೆರಡು ನಿಮಿಷ ಎಂಜಿನ್ ಐಡಲ್‌ನಲ್ಲಿರಲಿ. ತಕ್ಷಣ ಆಫ್ ಮಾಡಿದರೆ ಬೇರಿಂಗ್‌ನಲ್ಲಿ ನಿಂತ ಆಯಿಲ್ ಬಾಣಲೆಯ ತಳದಂತೆ ಸೀದು ಕರಿ ಕಟ್ಟುತ್ತದೆ.