ಮೊಲ ಸುಲಿಯುವ ಮೊದಲು ಕೈಗವಸು

ಅಮೆರಿಕದಲ್ಲಿ ಚಳಿಗಾಲವೆಂದರೆ ಕಾಡುಮೊಲದ ಬೇಟೆಯ ಕಾಲ. ಮೊಲದ ಚರ್ಮ ತೆಳು. ಬೆನ್ನ ಮೇಲೆ ಅಡ್ಡ ಸೀಳಿ ಎರಡೂ ಕಡೆಗೆ ಎಳೆದರೆ ಅಂಗಿಯಂತೆ ಕಳಚಿ ಬರುತ್ತದೆ. ಆದರೂ ಬಲ್ಲ ಬೇಟೆಗಾರರು ಮೊದಲು ರಬ್ಬರ್ ಕೈಗವಸು ಧರಿಸುತ್ತಾರೆ. ಏಕೆ ಗೊತ್ತೇ?

1911ರಲ್ಲಿ ಕ್ಯಾಲಿಫೋರ್ನಿಯಾದ ಟುಲೇರಿ ಎಂಬಲ್ಲಿ, ನೆಲದ ಅಳಿಲುಗಳಲ್ಲಿ ಪ್ಲೇಗನ್ನು ಹೋಲುವ ರೋಗವೊಂದು ಪತ್ತೆಯಾಯಿತು. ಅದೇ ಟುಲರೀಮಿಯಾ. ಮೊಲಗಳಿಗೂ ತಗಲುವ ಈ ರೋಗದ ಬ್ಯಾಕ್ಟೀರಿಯಾ, ಸುಲಿಯುವವರ ಬೆರಳಿನ ಸಣ್ಣ ಗೀರಿನ ಮೂಲಕವೂ ದೇಹ ಸೇರಬಲ್ಲದು. ಸೋಂಕಿಗೆ 10ರಿಂದ 50 ಜೀವಾಣುಗಳೇ ಸಾಕು! ಬಳಿಕ ಹುಣ್ಣು, ಗ್ರಂಥಿಗಳ ಊತ, ಜ್ವರ.

ಹೊಟ್ಟೆಯನ್ನು ಮೇಲುಮೇಲೆ ಸೀಳಬೇಕು; ಕರುಳು ಒಡೆದರೆ ಮಾಂಸ ಕೆಡುತ್ತದೆ. ಯಕೃತ್ತಿನ ಮೇಲೆ ಬಿಳಿ ಚುಕ್ಕೆಗಳಿದ್ದರೆ ಆ ಮೊಲವನ್ನು ತಿನ್ನುವಂತಿಲ್ಲ. ಚುಕ್ಕೆ ಕಾಣದಿದ್ದರೂ ಗವಸು ತೆಗೆಯುವಂತಿಲ್ಲ. ಮಾಂಸದ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟುವಂತೆ ಬೇಯಿಸಿದರೆ ಈ ಜೀವಾಣುಗಳು ಸಾಯುತ್ತವೆ. ಹಾಗಾಗಿ ಹೆಚ್ಚಿನ ಅಪಾಯ ಉಣ್ಣುವವರಿಗಲ್ಲ, ಹಸಿಮಾಂಸ ಮುಟ್ಟುವವರಿಗೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಡಿ ಕಾಡುಮೊಲದ ಬೇಟೆ ಅಪರಾಧ. ಆದರೆ ಕೋಳಿ, ಮೀನು ಅಡುಗೆಮನೆಗೆ ಬರುತ್ತವಲ್ಲ! ಬೆರಳಿಗೆ ಗಾಯವಾಗಿದ್ದರೆ ಅವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೆಲಸ ಮುಗಿದ ಮೇಲೆ ಕೈ, ಚಾಕು, ಈಳಿಗೆಮಣೆಗಳನ್ನು ಸೋಪು ಹಾಕಿ ತೊಳೆಯಲು ಮರೆಯಬೇಡಿ.