ಬೈಲಕುಪ್ಪೆಯ ಕ್ಯಾಂಪುಗಳಲ್ಲಿ

ರಾವಂದೂರಿನಿಂದ ಪಿರಿಯಾಪಟ್ಟಣದ ದಾರಿಯಲ್ಲಿ ಹೊಗೆಸೊಪ್ಪಿನ ಹೊಲ, ಅದನ್ನು ಹದ ಮಾಡುವ ಬ್ಯಾರನ್. ಮುಂದೆ ಮಡಿಕೇರಿ ರಸ್ತೆ ಹಿಡಿದು ಬೈಲಕುಪ್ಪೆಯಲ್ಲಿ ಎಡಕ್ಕೆ ಹೊರಳಿದರೂ ತಾಲ್ಲೂಕು ಅದೇ. ಆದರೆ ಮುಸುಕಿನ ಜೋಳದ ಹೊಲಗಳ ನಡುವಿನ ಮನೆಗಳ ಮೇಲೆ ಐದು ಬಣ್ಣದ ಮಂತ್ರದ ಬಾವುಟಗಳು ಹಾರುತ್ತವೆ.

1959ರಲ್ಲಿ ಟಿಬೆಟ್ ತೊರೆದು ಬಂದವರಿಗೆ ಆಗಿನ ಮೈಸೂರು ರಾಜ್ಯ ಇಲ್ಲಿ ಸುಮಾರು 3,000 ಎಕರೆ ಜಾಗ ಕೊಟ್ಟಿತು. 1960ರ ದಶಕದ ಆರಂಭದಲ್ಲಿ ಗುಡಾರ ಹೂಡಿದವರು ಕಾಡು ಕಡಿದು ಹೊಲ ಮಾಡಿಕೊಂಡರು. ಊರುಗಳನ್ನು ಈಗಲೂ ಕ್ಯಾಂಪ್ ಎಂದೇ ಕರೆಯುತ್ತಾರೆ, ಗುರುತು ನಂಬರಿನಿಂದ.

ಪ್ರವಾಸಿಗಳು ನೇರವಾಗಿ ನಮ್‌ಡ್ರೋಲಿಂಗ್ ಮಠದ ಚಿನ್ನದ ಬುದ್ಧನ ಬಳಿಗೆ ಹೋಗುತ್ತಾರೆ. ಪೆನೊರ್ ರಿನ್‌ಪೋಚೆ 1963ರಲ್ಲಿ ಸ್ಥಾಪಿಸಿದ ಮಠ ಅದು. ನನ್ನನ್ನು ಹಿಡಿದು ನಿಲ್ಲಿಸಿದ್ದು ಜಮಖಾನೆಯ ಮಗ್ಗ. ನೇಯುವ ಹೆಂಗಸು ಅಡ್ಡಲಾಗಿಟ್ಟ ಕಬ್ಬಿಣದ ಸರಳಿಗೆ ಉಣ್ಣೆಯ ಎಳೆ ಸುತ್ತುತ್ತಾ ಹೋಗುತ್ತಾಳೆ. ಸಾಲು ಮುಗಿದ ಮೇಲೆ ಬಡಿದು ಕೂರಿಸಿ, ಸರಳಿನ ಉದ್ದಕ್ಕೂ ಚಾಕು ಎಳೆದಾಗ ಎಳೆಗಳು ತುಂಡಾಗಿ ಹೂವಿನ ಅಂಚು ಎದ್ದು ಕಾಣುತ್ತದೆ. "ಅಕ್ಕಾ, ಎಲ್ಲಿ ಕಲಿತ್ರಿ?" ಎಂದೆ. "ಅಮ್ಮನ ಹತ್ರ. ಹುಟ್ಟಿದ್ದೂ ಇಲ್ಲೇ" ಎಂದರು, ಪಿರಿಯಾಪಟ್ಟಣದ ಸಂತೆಯಲ್ಲಿ ಕೇಳುವಂಥ ಕನ್ನಡದಲ್ಲೇ.

ಇಲ್ಲೇ ಹುಟ್ಟಿದರೂ ಬಹುಪಾಲು ಜನರ ಕೈಯಲ್ಲಿರುವುದು ವಿದೇಶಿಯರ ನೋಂದಣಿ ಪತ್ರ, ಅವರ ಬಾಯಲ್ಲಿ 'ಆರ್‌ಸಿ'. 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಭಾರತದಲ್ಲಿ ಹುಟ್ಟಿದವರು ಕಾನೂನಿನ ಪ್ರಕಾರ ಜನ್ಮತಃ ಭಾರತೀಯರು. 2013ರ ಆಗಸ್ಟ್‌ನಲ್ಲಿ ಕರ್ನಾಟಕ ಹೈಕೋರ್ಟ್ ಇದನ್ನು ಟಿಬೆಟನ್ನರಿಗೂ ಅನ್ವಯಿಸಿತು. ಮರುವರ್ಷ ಚುನಾವಣಾ ಆಯೋಗ ಅವರನ್ನು ಮತದಾರರ ಪಟ್ಟಿಗೆ ಸೇರಿಸಲು ಸೂಚಿಸಿತು. ಆದರೆ 2017ರಲ್ಲಿ ಪಾಸ್‌ಪೋರ್ಟ್ ಕೇಳುವವರಿಗೆ ಕೇಂದ್ರ ಷರತ್ತು ಹಾಕಿತು: ಆರ್‌ಸಿ ಒಪ್ಪಿಸಬೇಕು, ಕ್ಯಾಂಪಿನಲ್ಲಿ ವಾಸಿಸಬಾರದು.

ಇದು ಅನ್ಯಾಯ. ವಿಶಿಷ್ಟ ಭಾಷೆ, ಲಿಪಿ, ಸಂಸ್ಕೃತಿ ಇರುವ ನಾಗರಿಕರಿಗೆ ಅವನ್ನು ಉಳಿಸಿಕೊಳ್ಳುವ ಹಕ್ಕನ್ನು ಸಂವಿಧಾನದ 29ನೇ ವಿಧಿ ಕೊಡುತ್ತದೆ. ಟಿಬೆಟನ್ ಕಲಿಸುವ ಶಾಲೆ, ಮಠ, ಮಗ್ಗ ಎಲ್ಲ ಇರುವುದು ಕ್ಯಾಂಪಿನಲ್ಲೇ. ನಾಗರಿಕರಾಗುವವರನ್ನು ಅಲ್ಲಿಂದ ಎಬ್ಬಿಸಿದರೆ ಆ ಹಕ್ಕನ್ನು ಅವರು ಚಲಾಯಿಸುವುದೆಲ್ಲಿ? ಅಂದು ಜಾಗ ಕೊಟ್ಟದ್ದು ನಮ್ಮ ರಾಜ್ಯ. ನಾಗರಿಕರಾದವರೂ ಅದೇ ಮನೆಯಲ್ಲಿರಲು ಬಿಡಿ ಎಂದು ಕೇಂದ್ರಕ್ಕೆ ಪಟ್ಟುಹಿಡಿದು ಹೇಳಬೇಕಾದ್ದೂ ನಮ್ಮ ರಾಜ್ಯವೇ.