ಹಿಮದಾಟದ ಆಸೆಗೆ ಚಕ್ರದ ದಾರಿ

ಚಳಿಗಾಲದ ಒಲಿಂಪಿಕ್ಸ್ ನೋಡಿದ ಮಕ್ಕಳಿಗೆ ಆಸೆ ಹುಟ್ಟುವುದು ಸಹಜ. ಐಸ್ ಸ್ಕೇಟಿಂಗ್ ಕಲಿಯುವುದೋ, ಸ್ನೋಬೋರ್ಡಿಂಗೋ? ಬೆಳಗಾವಿಯ ನೆಹರು ನಗರದಲ್ಲಿ ಮಳೆ ಧಾರಾಳ, ಹಿಮವಂತೂ ಇಲ್ಲ. ಹಾಗೆಂದು ಪಾಲಕರು ಈ ಪ್ರಶ್ನೆಯನ್ನು ನಕ್ಕು ತಳ್ಳಿಹಾಕಬೇಕಿಲ್ಲ.

ಸ್ನೋಬೋರ್ಡಿಂಗ್ ಎಂದರೆ ಎರಡೂ ಪಾದಗಳನ್ನು ಒಂದೇ ಹಲಗೆಗೆ ಬಿಗಿದು, ಪಕ್ಕಕ್ಕೆ ತಿರುಗಿ ನಿಂತು ಹಿಮದ ಇಳಿಜಾರಿನಲ್ಲಿ ಜಾರುವ ಆಟ. 1998ರ ನಾಗಾನೊದಲ್ಲಿ ಇದು ಒಲಿಂಪಿಕ್ಸ್ ಸೇರಿತು. ನಮ್ಮ ದೇಶದಲ್ಲಿ ಇದಕ್ಕೆ ಗುಲ್ಮಾರ್ಗ್, ಔಲಿಯಂಥ ಕಡೆಗೇ ಹೋಗಬೇಕು. ಗುಲ್ಮಾರ್ಗ್ ಇಲ್ಲಿಂದ ಎರಡು ಸಾವಿರ ಕಿ.ಮೀ.ಗೂ ದೂರ. ಅಷ್ಟು ಖರ್ಚು ಮಾಡಿದರೂ ಸಿಗುವುದು ವರ್ಷಕ್ಕೊಂದು ವಾರದ ಅಭ್ಯಾಸ. ಅದು ಪ್ರವಾಸವಾದೀತು, ಹವ್ಯಾಸವಾಗದು.

ಐಸ್ ಸ್ಕೇಟಿಂಗ್ ಮಾತು ಬೇರೆ. ಮಂಜುಗಡ್ಡೆಯ ರಿಂಕ್ ಶಿಮ್ಲಾದಲ್ಲಿ 1920ರಿಂದ ಇದೆ, ಅದೂ ದೂರವೇ. ಆದರೆ ಈ ಆಟದ ಮೊದಲ ಪಾಠಗಳಾದ ಮಂಡಿ ಬಾಗಿಸುವುದು, ದೇಹದ ಭಾರವನ್ನು ಒಂದು ಕಾಲಿನಿಂದ ಇನ್ನೊಂದಕ್ಕೆ ದಾಟಿಸುವುದು, ತಿರುವಿನಲ್ಲಿ ಒಳಕ್ಕೆ ವಾಲುವುದು ಇವೆಲ್ಲವನ್ನೂ ರೋಲರ್ ಸ್ಕೇಟಿಂಗ್‌ನಲ್ಲೇ ಕಲಿಯಬಹುದು. ಅದಕ್ಕೆ ಬೆಳಗಾವಿಯಲ್ಲೇ ರಿಂಕ್ ಇದೆ, ಕ್ಲಬ್ ಇದೆ. ಗುಜರಾತಿನ ವಿಶ್ವರಾಜ ಜಡೇಜಾ ಚಕ್ರದ ಸ್ಕೇಟಿಂಗ್‌ನಿಂದಲೇ ಮಂಜುಗಡ್ಡೆಯ ವೇಗದ ಸ್ಕೇಟಿಂಗ್‌ಗೆ ಹೋದವರು.

ಮಂಜುಗಡ್ಡೆಯ ಕನಸಿದ್ದರೆ ಚಕ್ರಗಳು ಒಂದೇ ಸಾಲಿನಲ್ಲಿರುವ ಇನ್‌ಲೈನ್ ಸ್ಕೇಟ್ ಹೆಚ್ಚು ಹತ್ತಿರದ್ದು. ಬಿದ್ದಾಗ ಕೈ ಊರಿ ಮಣಿಕಟ್ಟು ಮುರಿದುಕೊಳ್ಳುವವರೇ ಬಹಳ. ಆದ್ದರಿಂದ ದುಬಾರಿ ಸ್ಕೇಟ್‌ಗಿಂತ ಮೊದಲು ಹೆಲ್ಮೆಟ್, ಮಣಿಕಟ್ಟು ಮತ್ತು ಮಂಡಿಯ ರಕ್ಷಾಕವಚ ಕೊಳ್ಳಿ. ರಸ್ತೆಯಲ್ಲಿ ಮಾತ್ರ ಬಿಡಬೇಡಿ. ಮೂರು ತಿಂಗಳಾದರೂ ಉತ್ಸಾಹ ಉಳಿದಿದ್ದರೆ, ಶಿಮ್ಲಾ ಪ್ರವಾಸಕ್ಕೆ ಹಣ ಕೂಡಿಡಲು ಆಗ ಅರ್ಥವಿರುತ್ತದೆ.